ನಮ್ಮ ಕಾಲಡಿಯ ನೆಲ: ಜಾಲಹಳ್ಳಿ, ಯಶವಂತಪುರಗಳ ಪುರಾತನ ಕುರುಹುಗಳು

ಶತಮಾನೋತ್ಸವವು ಸಂಭ್ರಮದ ಕಾಲವಾಗಿರುವಂತೆಯೇ ಸ್ಮರಣೆಯ ಕಾಲವೂ ಆಗಿದೆ. ನಮ್ಮ ದೇವಾಲಯಕ್ಕೆ ನೂರು ವರ್ಷಗಳು ತುಂಬಿದ ಈ ಶುಭ ಸಂದರ್ಭದಲ್ಲಿ ಇಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನೂ, ಕನ್ಯಾಸ್ತ್ರೀಯರನ್ನೂ, ಉಪದೇಶಿಗಳನ್ನೂ, ಬೆವರು ಸುರಿಸಿ ದುಡಿದ ಹಿರಿಯರನ್ನೂ ನೆನೆಯುವುದು ನಮ್ಮೆಲ್ಲರ ಕರ್ತವ್ಯ. ಈ ಲೇಖನದಲ್ಲಿ ನಾವು ಅವರಿಗಿಂತಲೂ ಹಿಂದಿನವರ ಕಡೆಗೆ ವಾಚಕರ ಗಮನವನ್ನು ಸೆಳೆಯಬಯಸುತ್ತೇವೆ. ತುಮಕೂರು ರಸ್ತೆಯ ದಾಸರಹಳ್ಳಿಯಾದ ನಮ್ಮ ಟಿ. ದಾಸರಹಳ್ಳಿಯ ಸುತ್ತಮುತ್ತಲ ನೆಲದಲ್ಲಿ, ಧರ್ಮಸಭೆಯು ಹುಟ್ಟುವುದಕ್ಕೆ ಬಹುಕಾಲ ಮುಂಚಿನಿಂದಲೂ ಜನರು ಬಾಳಿ ಬದುಕಿದ್ದಾರೆ. ಅವರ ಹೆಸರುಗಳು ಯಾವ ದಾಖಲೆಯಲ್ಲಿಯೂ ಇಲ್ಲ. ಅವರಿಗೆ ಸಾಕ್ಷಿಯಾಗಿ ಉಳಿದಿರುವುದು ಮಣ್ಣು ಮಾತ್ರ.

ಆ ಮಣ್ಣನ್ನು ನಮ್ಮ ಕಾಲದಲ್ಲಿ ಎಷ್ಟು ಬಾರಿ ಅಗೆದಿದ್ದೇವೆಂಬುದಕ್ಕೆ ಲೆಕ್ಕವಿಲ್ಲ. ರೈಲು ದಾರಿಗಾಗಿ ಅಗೆದೆವು, ಸೈನ್ಯದ ಶಿಬಿರಗಳಿಗಾಗಿ ಅಗೆದೆವು, ಕಾರ್ಖಾನೆಗಳಿಗಾಗಿ, ಬಡಾವಣೆಗಳಿಗಾಗಿ, ಕೊಳವೆ ಬಾವಿಗಳಿಗಾಗಿ, ಕೊನೆಗೆ ಮೆಟ್ರೋ ಕಂಬಗಳಿಗಾಗಿ ಅಗೆದೆವು. ಆದರೆ ಓದುವ ಉದ್ದೇಶದಿಂದ ಅಗೆದದ್ದು ಬಹಳ ಕಡಿಮೆ. ಈ ವ್ಯತ್ಯಾಸವೇ ನಮ್ಮ ಲೇಖನದ ವಿಷಯ.

ಮಣ್ಣಿನ ಪುಟಗಳು

ಪುರಾತತ್ವ ಉತ್ಖನನವೆಂದರೆ ನಿಧಿ ಶೋಧನೆಯೆಂದು ಅನೇಕರು ಭಾವಿಸುವುದುಂಟು. ವಾಸ್ತವವಾಗಿ ಅದು ಒಂದು ಬಗೆಯ ಓದು. ನಮ್ಮ ದೇವಾಲಯದ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ ಒಂದು ಹೆಸರಿಗೆ ಬೆಲೆ ಬರುವುದು ಆ ಹೆಸರಿನ ಪಕ್ಕದಲ್ಲಿ ತಾರೀಖು, ತಂದೆತಾಯಿಯರ ಹೆಸರು, ಜ್ಞಾನ ತಂದೆತಾಯಿಯರ ಹೆಸರು, ಗುರುಗಳ ಸಹಿ ಇವೆಲ್ಲ ಇರುವುದರಿಂದ. ಯಾರಾದರೂ ಆ ಪುಟದಿಂದ ಹೆಸರನ್ನಷ್ಟೇ ಕತ್ತರಿಸಿ ನಮ್ಮ ಕೈಗಿತ್ತರೆ ಹೆಸರು ಉಳಿಯುತ್ತದೆ, ಆದರೆ ಅದು ಯಾರದೆಂದು ಹೇಳುವ ಬಗೆ ಉಳಿಯುವುದಿಲ್ಲ.

ನೆಲವೂ ಇಂತಹುದೇ ಪುಸ್ತಕ. ಒಂದು ಸ್ಥಳದಲ್ಲಿ ಜನರು ತಲೆಮಾರುಗಳ ಕಾಲ ವಾಸವಾಗಿದ್ದರೆ ಬೂದಿ, ಮಡಕೆಯ ಚೂರು, ಕುಸಿದ ಗೋಡೆಯ ಮಣ್ಣು, ಪ್ರಾಣಿಗಳ ಎಲುಬು ಇವು ಒಂದರ ಮೇಲೊಂದು ಪದರಗಳಾಗಿ ಶೇಖರವಾಗುತ್ತವೆ. ಕೆಡಹದೆ ಬಿಟ್ಟ ನೆಲದಲ್ಲಿ ಕೆಳಗಿನ ಪದರವು ಹಳೆಯದು, ಮೇಲಿನದು ಹೊಸದು. ಶಾಸ್ತ್ರಜ್ಞರು ಅಳತೆಯ ಗುಂಡಿಗಳನ್ನು ತೆಗೆದು, ಒಂದೊಂದು ಪದರಕ್ಕೂ ಸಂಖ್ಯೆ ಕೊಟ್ಟು, ಯಾವ ವಸ್ತು ಯಾವ ಪದರದಲ್ಲಿ, ಯಾವುದರ ಜೊತೆಯಲ್ಲಿ ದೊರೆಯಿತೆಂದು ಬರೆದಿಡುತ್ತಾರೆ. ಪದರವು ಒಮ್ಮೆ ಕಲಸಿಹೋದರೆ ಅದನ್ನು ಮತ್ತೆ ಜೋಡಿಸಲು ಯಾರಿಂದಲೂ ಆಗದು.

ನಮ್ಮ ರಾಜ್ಯದಲ್ಲಿ ಈ ವಿದ್ಯೆಯ ಫಲ ಎದ್ದು ಕಂಡದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. ಚಂದ್ರವಳ್ಳಿಯಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿಯೇ ಉತ್ಖನನ ನಡೆಸಿದ್ದರು. 1947ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವ್ಹೀಲರ್ ಅವರು ಅಶೋಕನ ಶಾಸನವಿರುವ ಬ್ರಹ್ಮಗಿರಿಯಲ್ಲಿಯೂ ಚಂದ್ರವಳ್ಳಿಯಲ್ಲಿಯೂ ಅಗೆದರು. ಬ್ರಹ್ಮಗಿರಿಯಲ್ಲಿ ಮೂರು ಸಂಸ್ಕೃತಿಗಳು ಕ್ರಮವಾಗಿ ಕಂಡುಬಂದವು. ಎಲ್ಲಕ್ಕಿಂತ ಕೆಳಗೆ ನಯಗೊಳಿಸಿದ ಕಲ್ಲಿನ ಕೊಡಲಿಯ ಜನ, ಅವರ ಮೇಲೆ ಕಬ್ಬಿಣವನ್ನು ಬಲ್ಲ, ಬೃಹತ್ ಶಿಲೆಗಳ ಸಮಾಧಿ ಕಟ್ಟಿದ ಜನ, ಅವರ ಮೇಲೆ ಶಾತವಾಹನರ ಕಾಲದ ಜನ.

ಇವರ ಕಾಲವನ್ನು ನಿರ್ಣಯಿಸಿದ್ದು ಹೇಗೆ? ಚಂದ್ರವಳ್ಳಿಯ ಶಾತವಾಹನ ಕಾಲದ ಪದರದಲ್ಲಿ ರೋಮ್ ಚಕ್ರವರ್ತಿ ತಿಬೇರಿಯನ ಬೆಳ್ಳಿಯ ನಾಣ್ಯವೊಂದು ಸಿಕ್ಕಿತು. ತಿಬೇರಿಯನು ಕ್ರಿ.ಶ. 14ರಿಂದ 37ರವರೆಗೆ ಆಳಿದವನು. ನಾಣ್ಯಕ್ಕೆ ತಾರೀಖಿದ್ದುದರಿಂದ ಅದರೊಡನೆ ಇದ್ದ ಮಡಕೆಗಳಿಗೂ ಕಾಲ ತಿಳಿಯಿತು. ಅಂಥವೇ ಮಡಕೆಗಳು ಬ್ರಹ್ಮಗಿರಿಯ ಮೇಲಿನ ಪದರದಲ್ಲಿಯೂ ಇದ್ದುದರಿಂದ ಅದರ ಕೆಳಗಿನ ಪದರಗಳು ಇನ್ನೂ ಹಿಂದಿನವೆಂದು ಸಿದ್ಧವಾಯಿತು. ಕಲ್ಲಿನ ಕೊಡಲಿಯ ಜನರಿಗೆ ವ್ಹೀಲರ್ ಅವರು ಕೊಟ್ಟ ಕಾಲವನ್ನು ಮುಂದೆ ಇಂಗಾಲದ ಪರೀಕ್ಷೆಗಳು ಬಹಳ ಹಿಂದಕ್ಕೆ, ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನಕ್ಕೆ ಒಯ್ದವು. ಆದರೆ ಪದರಗಳ ಕ್ರಮ ಮಾತ್ರ ಕದಲಲಿಲ್ಲ. ಒಂದೇ ಒಂದು ನಾಣ್ಯ ಇಷ್ಟನ್ನೆಲ್ಲ ಹೇಳಲು ಸಾಧ್ಯವಾದದ್ದು ಅದು ತಾನು ಬಿದ್ದ ಸ್ಥಳದಲ್ಲಿಯೇ, ನೋಡಬಲ್ಲವರ ಕಣ್ಣಿಗೆ ಬಿದ್ದುದರಿಂದ.

ಕೈಸರನ ನಾಣ್ಯ ನಮ್ಮ ನೆರೆಯಲ್ಲಿ

ಈಗ ನಮ್ಮ ನೆರೆಗೆ ಬರೋಣ. 1891ರಲ್ಲಿ, ಇಲ್ಲಿಂದ ಕೆಲವೇ ಕಿಲೋಮೀಟರು ದೂರದ ಯಶವಂತಪುರದಲ್ಲಿ, ರೈಲು ದಾರಿಯ ಕೆಲಸಕ್ಕೆ ಮಣ್ಣು ತೆಗೆಯುತ್ತಿದ್ದಾಗ ರೋಮ್ ಸಾಮ್ರಾಜ್ಯದ 163 ಬೆಳ್ಳಿಯ ನಾಣ್ಯಗಳು ದೊರೆತವು. ಅವು ಅಗಸ್ಟಸ್, ತಿಬೇರಿಯ, ಕ್ಲಾಡಿಯ ಮೊದಲಾದವರ ಕಾಲದವು. 1965ರಲ್ಲಿ ನಗರದ ಪೂರ್ವಭಾಗದ ಎಚ್.ಎ.ಎಲ್. ವಿಮಾನ ನಿಲ್ದಾಣದ ಪ್ರದೇಶದಲ್ಲಿ ಇಂಥವೇ ನಾಣ್ಯಗಳ ಇನ್ನೊಂದು ರಾಶಿ, ಒಟ್ಟು 256 ನಾಣ್ಯಗಳು, ಬೆಳಕಿಗೆ ಬಂದಿತು.

ಪ್ರಿಯ ವಾಚಕರೇ, ಈ ಹೆಸರುಗಳು ನಮಗೆ ಅಪರಿಚಿತವಲ್ಲ. ಅಗಸ್ಟಸ್ ಚಕ್ರವರ್ತಿಯ ಜನಗಣತಿಯ ಆಜ್ಞೆಯ ಕಾರಣದಿಂದಲೇ ಮರಿಯಮ್ಮನವರೂ ಜೋಸೆಫರೂ ಬೆತ್ಲೆಹೇಮಿಗೆ ತೆರಳಿದರೆಂದು ಸಂತ ಲೂಕರು ಬರೆದಿದ್ದಾರೆ. ತಿಬೇರಿಯನ ಆಳ್ವಿಕೆಯ ಹದಿನೈದನೆಯ ವರ್ಷದಲ್ಲಿ ಸ್ನಾನಿಕ ಯೊವಾನ್ನರು ಬೋಧಿಸತೊಡಗಿದರೆಂದೂ ಅವರೇ ತಿಳಿಸುತ್ತಾರೆ. ತಿಬೇರಿಯನ ಅಧಿಕಾರಿಯಾದ ಪೊಂತಿಯ ಪಿಲಾತನ ತೀರ್ಪಿನಂತೆ ನಮ್ಮ ಪ್ರಭು ಶಿಲುಬೆಗೇರಿದರು. ಕೈಸರನಿಗೆ ತೆರಿಗೆ ಸಲ್ಲಿಸುವುದು ಸರಿಯೇ ಎಂದು ಕೇಳಿ ಸಿಕ್ಕಿಸಬಂದವರೊಡನೆ ಪ್ರಭುವು ಒಂದು ನಾಣ್ಯವನ್ನು ತೋರಿಸಲು ಹೇಳಿ, ಅದರ ಮೇಲಿನ ಮುಖ ಯಾರದೆಂದು ಮರುಪ್ರಶ್ನೆ ಹಾಕಿದ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಆ ನಾಣ್ಯವು ತಿಬೇರಿಯನ ದಿನಾರಿಯಾಗಿತ್ತೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ತಿಬೇರಿಯನ ದಿನಾರಿಗಳ ಒಂದು ಬದಿಯಲ್ಲಿ ಚಕ್ರವರ್ತಿಯ ಮುಖವೂ, ಅವನು ದೈವತ್ವಕ್ಕೇರಿದ ಅಗಸ್ಟಸನ ಪುತ್ರನೆಂಬ ಬರಹವೂ, ಇನ್ನೊಂದು ಬದಿಯಲ್ಲಿ ಪೀಠದ ಮೇಲೆ ಕುಳಿತ ಸ್ತ್ರೀಯ ಚಿತ್ರವೂ ಸಾಮಾನ್ಯವಾಗಿ ಇರುತ್ತವೆ. ಜೆರುಸಲೇಮಿನ ದೇವಾಲಯದ ಅಂಗಳದಲ್ಲಿ ಪ್ರಭುವಿನ ಮುಂದೆ ಹಿಡಿದ ನಾಣ್ಯದಂಥವೇ ನಾಣ್ಯಗಳು ಆ ಯುಗದಲ್ಲಿ ಕಡಲು ದಾಟಿ, ಬಂದರಿನಿಂದ ಬಂದರಿಗೆ, ಸಂತೆಯಿಂದ ಸಂತೆಗೆ ಸಾಗಿ ದಕ್ಷಿಣ ಭಾರತದ ಒಳನಾಡನ್ನು ಸೇರಿದವು. ಮೆಣಸು, ಮುತ್ತು, ರತ್ನ, ನವಿರಾದ ಬಟ್ಟೆಗಳಿಗೆ ಬದಲಾಗಿ ರೋಮಿನ ಬೆಳ್ಳಿ ಬಂಗಾರಗಳು ನಮ್ಮ ದೇಶಕ್ಕೆ ಹರಿದುಬಂದವು. ಪ್ರತಿವರ್ಷ ಐದು ಕೋಟಿ ಸೆಸ್ಟರ್ಸ್ ಹಣ ಭಾರತಕ್ಕೆ ಹೋಗುತ್ತಿದೆಯೆಂದು ಅದೇ ಶತಮಾನದ ರೋಮಿನ ಲೇಖಕ ಪ್ಲೀನಿಯು ವ್ಯಥೆಪಟ್ಟಿದ್ದಾನೆ.

ಇಷ್ಟು ದೊಡ್ಡ ಸಂಗತಿಗೆ ಸಾಕ್ಷಿಯಾದ ಯಶವಂತಪುರದ ನಾಣ್ಯಗಳು ತಮ್ಮ ಬಗ್ಗೆ ಮಾತ್ರ ಬಹಳ ಕಡಿಮೆ ಹೇಳುತ್ತವೆ. ಅವನ್ನು ಹೂತಿಟ್ಟವನು ವರ್ತಕನೋ, ಒಕ್ಕಲಿಗನೋ, ನಾಡಿನ ಒಡೆಯನೋ? ಅಲ್ಲಿ ಒಂದು ಊರಿತ್ತೇ, ಅಥವಾ ದಾರಿಹೋಕರ ತಂಗುದಾಣವಿತ್ತೇ? ಸುತ್ತಲ ಮಣ್ಣಿನಲ್ಲಿ ಮಡಕೆಯ ಚೂರುಗಳಿದ್ದವೇ, ಒಲೆಯ ಬೂದಿಯಿತ್ತೇ? ಚಂದ್ರವಳ್ಳಿಯ ಒಂದು ನಾಣ್ಯ ಒಂದು ನಾಡಿನ ಕಾಲಗಣನೆಗೆ ಆಧಾರವಾಯಿತು. ಯಶವಂತಪುರದ 163 ನಾಣ್ಯಗಳು ರಾಜರ ಹೆಸರನ್ನು ಹೇಳಿ ಸುಮ್ಮನಾದವು. ಬೆಳ್ಳಿಯನ್ನು ಎಣಿಸಿದರು, ಮಣ್ಣನ್ನು ಹಳಿಯ ಕೆಳಗೆ ಸುರಿದರು. ಅಗೆದ ಕೂಲಿಗಳ ಮೇಲೆ ಇದಕ್ಕಾಗಿ ತಪ್ಪು ಹೊರಿಸಲಾಗದು. ಪದರಗಳನ್ನು ಓದುವ ವಿದ್ಯೆ ಆಗ ನಮ್ಮಲ್ಲಿ ಇನ್ನೂ ಬಳಕೆಗೆ ಬಂದಿರಲಿಲ್ಲ.

ಬೆಣಚುಕಲ್ಲಿನ ಜನರು

ಜಾಲಹಳ್ಳಿಯ ಕಥೆ ಇದಕ್ಕಿಂತಲೂ ಪುರಾತನವಾದದ್ದು. ಜಾಲಹಳ್ಳಿ ನಮ್ಮ ಮಗ್ಗುಲಿನ ಊರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಬಯಲಿನಲ್ಲಿ ಸೈನ್ಯದ ಶಿಬಿರಗಳೂ ಆಸ್ಪತ್ರೆಯೂ ಎದ್ದವು. ಇಟಲಿಯ ಯುದ್ಧಕೈದಿಗಳನ್ನೂ ಅಲ್ಲಿ ಇರಿಸಲಾಗಿತ್ತು. ಯುದ್ಧ ಮುಗಿದ ಮೇಲೆ, 1948ರಲ್ಲಿ, ಕೆ. ಆರ್. ಯು. ಟಾಡ್ ಎಂಬ ಆಂಗ್ಲ ಸಂಶೋಧಕರು ಲಂಡನ್ನಿನ 'ಮ್ಯಾನ್' ಎಂಬ ಮಾನವಶಾಸ್ತ್ರ ಪತ್ರಿಕೆಯಲ್ಲಿ ಪೂರ್ವ ಮೈಸೂರಿನ ಸೂಕ್ಷ್ಮ ಶಿಲಾಯುಧಗಳ ಕುರಿತು ಲೇಖನವೊಂದನ್ನು ಪ್ರಕಟಿಸಿದರು. ಆ ಲೇಖನದಿಂದ ಜಾಲಹಳ್ಳಿಯ ಹೆಸರು ಭಾರತದ ಪ್ರಾಗಿತಿಹಾಸದ ಗ್ರಂಥಗಳನ್ನು ಸೇರಿತು.

ಸೂಕ್ಷ್ಮ ಶಿಲಾಯುಧಗಳೆಂದರೆ ಬೆರಳಿನ ಉಗುರಿನಷ್ಟು, ಹೆಚ್ಚೆಂದರೆ ಒಂದೆರಡು ಅಂಗುಲದಷ್ಟು ಉದ್ದದ ಕಲ್ಲಿನ ಅಲಗುಗಳು. ಜಾಲಹಳ್ಳಿಯವು ಬಿಳಿಯ ಬೆಣಚುಕಲ್ಲಿನಿಂದ ಆದವು. ನಮ್ಮ ಸುತ್ತಲ ಬಂಡೆಗಳ ನಡುವೆ ಬೆಣಚುಕಲ್ಲಿನ ಬಿಳಿಯ ಗೆರೆಗಳು ಹಾದುಹೋಗಿರುವುದನ್ನು ಎಲ್ಲರೂ ಕಂಡಿದ್ದೇವೆ. ಅದನ್ನು ಒಡೆದು, ಅರ್ಧಚಂದ್ರಾಕಾರದ ತುಣುಕುಗಳನ್ನೂ, ಚೂಪಾದ ಮೊನೆಗಳನ್ನೂ, ಚರ್ಮ ಹೆರೆಯುವ ಅಂಚುಗಳನ್ನೂ ತಯಾರಿಸಿ, ಮರ ಅಥವಾ ಎಲುಬಿನ ಹಿಡಿಗೆ ಅಂಟಿನಿಂದ ಕೂಡಿಸಿ ಬಾಣವನ್ನಾಗಿಯೋ ಕತ್ತಿಯನ್ನಾಗಿಯೋ ಬಳಸುತ್ತಿದ್ದರು. ಕಬ್ಬಿಣವನ್ನು ಅರಿಯದ, ಬೇಟೆಯಿಂದಲೂ ಗೆಡ್ಡೆಗೆಣಸುಗಳಿಂದಲೂ ಜೀವಿಸುತ್ತಿದ್ದ ಆ ಜನರು ಇಂದಿಗೆ ಅನೇಕ ಸಾವಿರ ವರ್ಷಗಳ ಹಿಂದಿನವರು. ಬೆಣಚುಕಲ್ಲು ಸುಲಭವಾಗಿ ಬೇಕಾದ ಆಕಾರಕ್ಕೆ ಒಡೆಯುವ ಕಲ್ಲಲ್ಲ. ಅದರಿಂದ ಹಸನಾದ ಅಲಗು ತೆಗೆಯಲು ಕೈಯ ಹದವೂ ತಲೆಮಾರಿನಿಂದ ತಲೆಮಾರಿಗೆ ಬಂದ ಕಲಿಕೆಯೂ ಬೇಕು.

ಇದೇ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ. ಕಾರ್ಖಾನೆಯೂ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ ಆರಂಭವಾದವು. ಅನಂತರ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯಿತು. ಅನ್ನವನ್ನರಸಿ ನಾನಾ ಕಡೆಗಳಿಂದ ಬಂದ ಕುಟುಂಬಗಳಿಂದಲೇ ಈ ಭಾಗದ ಧರ್ಮಕೇಂದ್ರಗಳು ತುಂಬಿಕೊಂಡವು. ಕೂದಲೆಳೆಯಷ್ಟು ನಿಖರವಾಗಿ ಉಕ್ಕನ್ನು ಕೊರೆಯುವ ಯಂತ್ರಗಳನ್ನು ಮಾಡಿದ ನೆಲದಲ್ಲಿಯೇ ಸಾವಿರಾರು ವರ್ಷಗಳ ಹಿಂದೆ ಬೇರೊಬ್ಬ ಕುಶಲಕರ್ಮಿ ಕುಳಿತು ಕಲ್ಲಿನ ಅಲಗನ್ನು ತೀಡುತ್ತಿದ್ದನೆಂಬುದನ್ನು ನಮ್ಮ ಕಾರ್ಮಿಕ ಬಂಧುಗಳು ಅಭಿಮಾನದಿಂದ ನೆನೆಯಬಹುದು. ಆದರೆ ಅವನ ಬೀಡು ಎಲ್ಲಿತ್ತು, ಅವನ ಒಲೆ ಎಲ್ಲಿ ಉರಿಯಿತು ಎಂದು ಹುಡುಕಹೋದವರಿಗೆ ಇಂದು ಸಿಗುವುದು ಕಾಂಪೌಂಡು ಗೋಡೆಗಳೂ ಕಾಂಕ್ರೀಟೂ ಮಾತ್ರ.

ಕಲ್ಲುಮನೆಯ ಸಮಾಧಿಗಳು

ಬೆಣಚುಕಲ್ಲಿನ ಬೇಟೆಗಾರರಿಗೂ ರೋಮಿನ ನಾಣ್ಯಗಳಿಗೂ ನಡುವಿನ ಕಾಲದಲ್ಲಿ ಬಾಳಿದವರು ಬೃಹತ್ ಶಿಲಾ ಸಮಾಧಿಗಳ ಜನರು. ನಾಲ್ಕು ಕಡೆ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೆ ಭಾರವಾದ ಇನ್ನೊಂದು ಚಪ್ಪಡಿಯನ್ನು ಹೊದಿಸಿ, ಕೆಲವೆಡೆ ಒಂದು ಬದಿಯ ಚಪ್ಪಡಿಯಲ್ಲಿ ದುಂಡನೆಯ ಕಂಡಿಯನ್ನು ಕೊರೆದು, ಸುತ್ತಲೂ ಗುಂಡುಗಳನ್ನು ವೃತ್ತಾಕಾರವಾಗಿ ಜೋಡಿಸಿ ಅವರು ತಮ್ಮ ಮೃತರಿಗೆ ಮನೆ ಕಟ್ಟಿದರು. ನಮ್ಮ ಹಳ್ಳಿಗರು ಇವನ್ನು ಪಾಂಡವರ ಗುಡಿಯೆಂದೂ ಮೋರಿಯರ ಮನೆಯೆಂದೂ ಕರೆದರು. ಯಲಹಂಕವನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಸಾಗಿದರೆ ಸಿಗುವ ಚಿಕ್ಕಜಾಲದಲ್ಲಿ ಇಂತಹ ಸಮಾಧಿಗಳಿವೆ. ನಗರವು ಆ ಕಡೆಗೆ ಚಾಚಿದಂತೆಲ್ಲ ಅವುಗಳಲ್ಲಿ ಹಲವು ಅಳಿದುಹೋದವು.

ಬೆಂಗಳೂರಿನ ಸುತ್ತ ಇಂತಹ ಸ್ಥಳವೊಂದನ್ನು ಶಾಸ್ತ್ರೀಯವಾಗಿ ಅಗೆದು ವರದಿ ಬರೆದ ಕೀರ್ತಿ ಮೈಸೂರಿನ ಡಾ. ಎಂ. ಶೇಷಾದ್ರಿ ಅವರದು. ಅವರು 1957ರಲ್ಲಿ ಹೊಸಕೋಟೆಯ ಕಡೆಯ ಜಡಿಗೇನಹಳ್ಳಿಯಲ್ಲಿ ಸಮಾಧಿಗಳನ್ನು ತೆರೆದರು. ಇಂತಹ ಸಮಾಧಿಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ಒಳಗೆ ಕಪ್ಪಾಗಿಯೂ ಹೊರಗೆ ಕೆಂಪಾಗಿಯೂ ಇರುವ ನುಣುಪಾದ ಮಡಕೆಗಳು, ಕಬ್ಬಿಣದ ಆಯುಧಗಳು, ಆಯ್ದು ಇಟ್ಟ ಎಲುಬುಗಳು. ತಮ್ಮವರು ಸತ್ತಾಗ ಪಾತ್ರೆಗಳನ್ನೂ ಹತ್ಯಾರುಗಳನ್ನೂ ಅವರ ಜೊತೆಗಿರಿಸಿದ ಆ ಜನರ ಮನಸ್ಸಿನಲ್ಲಿ ಮರಣವೇ ಎಲ್ಲಕ್ಕೂ ಕೊನೆಯಲ್ಲವೆಂಬ ಭಾವನೆ ಇದ್ದಿರಬೇಕು. ಶುಭಸಂದೇಶವನ್ನು ಕೇಳದಿದ್ದರೂ ಅವರು ಮೃತರನ್ನು ಗೌರವಿಸಿದರು. ಪ್ರಭುವು ಮೃತರ ಲೋಕಕ್ಕೆ ಇಳಿದರೆಂದು ವಿಶ್ವಾಸ ಸಂಗ್ರಹದಲ್ಲಿ ಉಚ್ಚರಿಸುವ ನಾವು ಇಂಥವರನ್ನು ಅನ್ಯರೆಂದು ತಳ್ಳಿಬಿಡಲಾಗದು.

ಕೊಡಗಿನ ಮೂಲದ ವಾಚಕರಿಗೆ ಇವು ಪಾಂಡುಪರೆ ಎಂಬ ಹೆಸರಿನಿಂದ ಪರಿಚಿತ. ಅಲ್ಲಿ 1854ರಲ್ಲಿ ಫೌಲರ್ ಎಂಬವರು ಮಡಿಕೇರಿಯಲ್ಲಿ ಮೊದಲನೆಯ ಐರೋಪ್ಯ ಕಾಫಿ ತೋಟವನ್ನು ತೆರೆದ ನಂತರ ಕಾಡು ಕಡಿದು ಗುಡ್ಡಗಳನ್ನು ಹಸನು ಮಾಡುವ ಕೆಲಸ ಭರದಿಂದ ಸಾಗಿತು. ಅದೇ ಕಾಲದಲ್ಲಿ ವೀರರಾಜಪೇಟೆಯ ಸುತ್ತಲ ಕಲ್ಲುಮನೆಗಳು ಆಂಗ್ಲ ಅಧಿಕಾರಿಗಳ ಕುತೂಹಲಕ್ಕೆ ಸಿಕ್ಕಿ ತೆರೆಯಲ್ಪಟ್ಟವು. 1870ರಲ್ಲಿ ಪ್ರಕಟವಾದ ರಿಕ್ಟರ್ ಅವರ ಕೊಡಗಿನ ಕೈಪಿಡಿಯಲ್ಲಿ ಅವುಗಳ ವರ್ಣನೆ ಬಂದಿದೆ. ಸುಮಾರು ನೂರು ವರ್ಷಗಳ ಬಳಿಕ ಡಾ. ಕೆ. ಕೆ. ಸುಬ್ಬಯ್ಯ ಅವರು ಕೊಡಗಿನ ಪುರಾತತ್ವವನ್ನು ಕ್ರಮಬದ್ಧವಾಗಿ ಅಭ್ಯಾಸ ಮಾಡಿ 1978ರಲ್ಲಿ ಗ್ರಂಥವನ್ನು ಹೊರತಂದರು. ಒಂದೇ ಗುಡ್ಡದಲ್ಲಿ ಮೇಲೆ ಕಾಫಿಯ ಬೇರು, ಅದರ ಕೆಳಗೆ ಪುರಾತನರ ಸಮಾಧಿ. ಅಲ್ಲಿ ತೋಟ, ಇಲ್ಲಿ ರೈಲು ಮತ್ತು ಕಾರ್ಖಾನೆ. ಎರಡೂ ಕಡೆ ನಡೆದದ್ದು ಒಂದೇ. ಬದುಕಿಗಾಗಿ ನೆಲವನ್ನು ತೆರೆದವರಿಗೆ ಹಳಬರ ಕುರುಹು ಆಕಸ್ಮಿಕವಾಗಿ ಎದುರಾಯಿತು, ಓದುವವರು ಬರುವಷ್ಟರಲ್ಲಿ ಬಹುಭಾಗ ಚೆದರಿಹೋಗಿತ್ತು.

ರೋಮಿನ ಪಾಠ, ಹೆಬ್ಬಾಳದ ಪಾಠ

ಭೂಮಿಯನ್ನು ಅಗೆದು ಗತಕಾಲವನ್ನು ತಿಳಿಯುವುದು ಭಕ್ತಿಗೆ ಸಂಬಂಧಿಸದ ಕೆಲಸವೆಂದು ಯಾರೂ ತಿಳಿಯಬಾರದು. ನಮ್ಮ ಧರ್ಮಸಭೆಯು ತನ್ನ ಹೃದಯಸ್ಥಾನದಲ್ಲಿಯೇ ಈ ಕೆಲಸವನ್ನು ಮಾಡಿಸಿದೆ. 1939ರಲ್ಲಿ ಹನ್ನೊಂದನೆಯ ಭಕ್ತಿನಾಥ ಜಗದ್ಗುರುಗಳು ದೈವಾಧೀನರಾದಾಗ ಅವರ ಸಮಾಧಿಗಾಗಿ ಸಂತ ಪೇತ್ರರ ಮಹಾದೇವಾಲಯದ ನೆಲಮಾಳಿಗೆಯಲ್ಲಿ ಕೆಲಸ ಆರಂಭಿಸಲಾಗಿ, ಕೆಳಗೆ ಪುರಾತನ ರಚನೆಗಳು ಕಂಡವು. ಹನ್ನೆರಡನೆಯ ಭಕ್ತಿನಾಥ ಜಗದ್ಗುರುಗಳ ಅಪ್ಪಣೆಯಂತೆ ಸುಮಾರು ಹತ್ತು ವರ್ಷ ಉತ್ಖನನ ನಡೆಯಿತು. ರೋಮನರ ಸಮಾಧಿ ಬೀದಿಯೊಂದು ಇಡಿಯಾಗಿ ಹೊರಬಂತು. ನಾಲ್ಕನೆಯ ಶತಮಾನದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯು ದೇವಾಲಯ ಕಟ್ಟುವಾಗ ಅದನ್ನು ಮಣ್ಣು ತುಂಬಿ ಮುಚ್ಚಿಸಿದ್ದರಿಂದಲೇ ಅದು ಸುರಕ್ಷಿತವಾಗಿ ಉಳಿದಿತ್ತು. ಪ್ರೇಷಿತರ ಸಮಾಧಿ ಸ್ಥಾನ ದೊರೆತಿದೆಯೆಂದು 1950ರಲ್ಲಿ ಘೋಷಿಸಲಾಯಿತು.

ಆದರೆ ಅಲ್ಲಿಯೂ ಒಂದು ಎಚ್ಚರಿಕೆಯ ಪಾಠವಿದೆ. ಅಲ್ಲಿನ ಕೆಲವು ಎಲುಬುಗಳು ದೊರೆತ ಸ್ಥಾನದಿಂದ ತೆಗೆಯಲ್ಪಟ್ಟು ವರ್ಷಗಟ್ಟಲೆ ಪೆಟ್ಟಿಗೆಯೊಂದರಲ್ಲಿ ಉಳಿದವು. ಅವು ಸಂತ ಪೇತ್ರರವೆಂದು ಒಪ್ಪತಕ್ಕ ರೀತಿಯಲ್ಲಿ ಗುರುತಿಸಲಾಗಿದೆಯೆಂದು ಆರನೆಯ ಪೌಲ್ ಜಗದ್ಗುರುಗಳು 1968ರಲ್ಲಿ ತಿಳಿಸಿದರೂ, ಸ್ಥಾನದಿಂದ ಸರಿದ ವಸ್ತುವಾದ ಕಾರಣ ವಿದ್ವಾಂಸರ ಚರ್ಚೆ ಮುಗಿದಿಲ್ಲ. ಭಕ್ತಿಯಿಂದ ಎತ್ತಿದರೂ, ಸಲಿಕೆಯಿಂದ ಎತ್ತಿದರೂ, ಬರೆದಿಡದೆ ಎತ್ತಿದರೆ ಫಲ ಒಂದೇ.

ಮನಸ್ಸಿಗೆ ನೆಮ್ಮದಿ ಕೊಡುವ ಉದಾಹರಣೆಯೊಂದು ನಮ್ಮ ಉತ್ತರ ಬೆಂಗಳೂರಿನಲ್ಲಿಯೇ ಇದೆ. 2018ರಲ್ಲಿ ಹೆಬ್ಬಾಳದಲ್ಲಿ ಕಿತ್ತಯ್ಯನೆಂಬ ವೀರನ ಕಲ್ಲು ಬೆಳಕಿಗೆ ಬಂದಿತು. ಅದು ಗಂಗರ ಶ್ರೀಪುರುಷನ ಆಳ್ವಿಕೆಯ, ಸುಮಾರು ಕ್ರಿ.ಶ. 750ರ ಕಾಲದ್ದು. ಕಾಳಗದಲ್ಲಿ ಮಡಿದ ಕಿತ್ತಯ್ಯನ ಸ್ಮರಣೆ ಅದರಲ್ಲಿದೆ. ಅಲ್ಲಿನ ನಿವಾಸಿಗಳೂ ಶಾಸನಪ್ರೇಮಿಗಳೂ ಅದನ್ನು ಕಂಡು, ಓದಿಸಿ, ಸಂರಕ್ಷಿಸಿದರು. ಅವರಲ್ಲಿ ಎಲ್ಲರೂ ಪಂಡಿತರೇನಲ್ಲ. ಅಕ್ಷರವಿರುವ ಕಲ್ಲನ್ನು ಕಂಡಾಗ ನಿಂತು ನೋಡುವ ಅಭ್ಯಾಸ ಅವರಿಗಿತ್ತು, ಅಷ್ಟೆ. ಅದರಿಂದಾಗಿ ಹನ್ನೆರಡು ಶತಮಾನಗಳಿಗೂ ಮಿಕ್ಕ ಕಾಲ ಕಳೆದ ಬಳಿಕ ಒಬ್ಬ ಮನುಷ್ಯನಿಗೆ ತನ್ನ ಹೆಸರು ಮರಳಿ ದೊರೆಯಿತು.

ನಮ್ಮ ಪಾಲಿನ ಕರ್ತವ್ಯ

2015ರಲ್ಲಿ ಮೆಟ್ರೋ ರೈಲು ನಮ್ಮ ದಾಸರಹಳ್ಳಿಯನ್ನು ಹಾದು ನಾಗಸಂದ್ರವನ್ನು ಮುಟ್ಟಿತು. ನಗರವು ಬೆಳೆಯುವುದು ನಿಲ್ಲದು, ನಿಲ್ಲಬೇಕೆಂದು ನಾವು ಹೇಳುವುದೂ ಇಲ್ಲ. ಮನೆಯಿಲ್ಲದವನಿಗೆ ಮನೆ ಬೇಕು, ಕೆಲಸಕ್ಕೆ ಹೋಗುವವನಿಗೆ ದಾರಿ ಬೇಕು. ಆದರೂ ಅಗೆಯುವ ಕೈಗೆ ಒಂದಿಷ್ಟು ನಿಧಾನವನ್ನು ಕಲಿಸಲು ಸಾಧ್ಯ. ಮನೆಯ ಪಾಯಕ್ಕಾಗಲಿ, ಬಾವಿಗಾಗಲಿ, ಸಮಾಧಿಗಾಗಲಿ ಮಣ್ಣು ತೆಗೆಯುವಾಗ ಕಪ್ಪು ಕೆಂಪು ಮಡಕೆಯ ಚೂರುಗಳು, ತೀಡಿದಂತಿರುವ ಬೆಣಚುಕಲ್ಲಿನ ಸಣ್ಣ ಅಲಗುಗಳು, ಅಕ್ಷರವಿರುವ ಕಲ್ಲು, ನಾಣ್ಯ, ಸಾಲಾಗಿ ನಿಲ್ಲಿಸಿದ ಚಪ್ಪಡಿಗಳು ಕಂಡರೆ ಕೆಲಸವನ್ನು ಅಲ್ಲಿಗೇ ತಡೆಯಿರಿ. ವಸ್ತುವನ್ನು ಕದಲಿಸುವ ಮುಂಚೆ ಇದ್ದ ಜಾಗದಲ್ಲಿಯೇ ಫೋಟೋ ತೆಗೆಯಿರಿ, ಎಷ್ಟು ಅಡಿ ಆಳವೆಂದು ಅಳೆದು ಬರೆದಿಡಿ. ಬಳಿಕ ರಾಜ್ಯದ ಪುರಾತತ್ವ ಇಲಾಖೆಗೆ ಸುದ್ದಿ ಕೊಡಿ. ನಿಧಿಯ ಸ್ವರೂಪದ್ದಾದರೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂದು ಕಾನೂನೇ ಇದೆ. ಅಡಗಿಸಿ ಮಾರುವುದು ಅಪರಾಧವೂ ಹೌದು, ಮೃತರಿಂದ ಕದ್ದ ಪಾಪವೂ ಹೌದು.

ನಮ್ಮ ಯುವಜನರು 1865ರಲ್ಲಿ ಸ್ಥಾಪನೆಯಾಗಿ ಈಗ ಕಸ್ತೂರ್ಬಾ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಒಮ್ಮೆಯಾದರೂ ನೋಡಿ ಬರಲಿ. ಧರ್ಮೋಪದೇಶದ ತರಗತಿಗಳಲ್ಲಿ ಕೈಸರನ ನಾಣ್ಯದ ಪ್ರಸಂಗವನ್ನು ಕಲಿಸುವ ಉಪದೇಶಿಗಳು, ಆ ಕೈಸರನ ನಾಣ್ಯಗಳು ಯಶವಂತಪುರದ ಮಣ್ಣಿನಲ್ಲಿಯೂ ಸಿಕ್ಕಿದ್ದವೆಂದು ಮಕ್ಕಳಿಗೆ ಹೇಳಲಿ. ಶುಭಸಂದೇಶವು ಎಲ್ಲಿಯೋ, ಯಾವಾಗಲೋ ನಡೆದ ಕಥೆಯೆಂಬ ಭಾವನೆ ಅವರಿಂದ ಆಗ ದೂರವಾದೀತು.

ನೂರು ವರ್ಷಗಳೆಂದರೆ ಮಣ್ಣಿನ ಲೆಕ್ಕದಲ್ಲಿ ಒಂದು ತೆಳುವಾದ ಪದರ. ನಮ್ಮ ಪದರದ ಮೇಲೆ ಮುಂದೆ ಇನ್ನೂ ಹಲವು ಕೂಡಲಿವೆ. ನಮ್ಮ ಕೆಳಗಿನವರನ್ನು ನಾವು ಹೇಗೆ ನಡೆಸಿಕೊಂಡೆವೋ ಹಾಗೆಯೇ ನಮ್ಮ ಮೇಲಿನವರು ನಮ್ಮನ್ನು ನಡೆಸಿಕೊಂಡಾರು. ನವೆಂಬರ್ 2ರಂದು ಸಕಲ ಮೃತರ ಸ್ಮರಣೆಯ ಬಲಿಪೂಜೆಯಲ್ಲಿ ನಮ್ಮ ಬಂಧುಬಾಂಧವರ ಹೆಸರುಗಳನ್ನು ಓದಿಸುವಾಗ, ಈ ನೆಲದಲ್ಲಿ ನಮಗಿಂತ ಮೊದಲು ಬಾಳಿ, ಹೆಸರಿಲ್ಲದೆ ಮಲಗಿರುವ ಬೆಣಚುಕಲ್ಲಿನ ಬೇಟೆಗಾರರನ್ನೂ ಕಲ್ಲುಮನೆ ಕಟ್ಟಿದವರನ್ನೂ ಸೇರಿಸಿ ಪ್ರಾರ್ಥಿಸೋಣ. ಅವರೆಲ್ಲರ ಹೆಸರುಗಳನ್ನು ಬಲ್ಲ ದೇವರು ನಮ್ಮ ಧರ್ಮಕೇಂದ್ರವನ್ನು ಮುಂದಿನ ನೂರು ವರ್ಷಗಳಲ್ಲಿಯೂ ಹರಸಿ ಕಾಪಾಡಲಿ.